ಲೋಗೋದಲ್ಲೇ ಸುತ್ತೋ ಆಂಡ್ರಾಯ್ಡು: ರಾಸ್ಪ್‌ಬೆರಿ ಪೈ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಅಂಕಣಕ್ಕೆ ಬಂದ ಪ್ರಶ್ನೆಗಳಲ್ಲಿ ಸುಮಾರಷ್ಟು ಒಂದೇ ವಿಷಯದ್ದು. ರಾಸ್ಪ್‌ಬೆರಿ ಪೈ ಅನ್ನೋ ಅಂಗೈಯಷ್ಟಿನ ಕಂಪ್ಯೂಟರ್ ಬೋರ್ಡ್ ತಗೊಂಡು ಅದಕ್ಕೆ ಆಂಡ್ರಾಯ್ಡ್ ಹಾಕಿ ಟಿವಿಗೆ ಜೋಡಿಸ್ಲಿಕ್ಕೆ ಹೋದವ್ರು, ಎಲ್ಲೋ ಒಂದು ಕಡೆ ಸಿಕ್ಕಿ ಹಾಕ್ಕೊಂಡವ್ರು. ಎಲ್ಲಾ ನಮ್ಮ ಉತ್ತರ ಕನ್ನಡದವ್ರೇ, ಘಟ್ಟದ ಮೇಲಿಂದ ಸ್ವಲ್ಪ, ಕರಾವಳಿಯಿಂದ ಜಾಸ್ತಿ. ಹಾಗಾಗಿ ಬೇರೆ ಪ್ರಶ್ನೆ ಎಲ್ಲಾ ಮುಂದಿನ ಸಂಚಿಕೆಗೆ ಇಟ್ಟು ಇದನ್ನೇ ತಗೊಂಡಿದ್ದೇನೆ.

ಶುರು ಮಾಡೋ ಮೊದ್ಲು ಒಂದು ಮಾತು, ಯಾಕಂದ್ರೆ ಪತ್ರ ಬರೆದವ್ರಲ್ಲಿ ಅರ್ಧಕ್ಕರ್ಧ ಜನ "ಕಂಪನಿಗೆ ಕಂಪ್ಲೇಂಟ್ ಮಾಡ್ಬಹುದಾ" ಅಂತ ಕೇಳಿದ್ದಾರೆ. ಯಾವ ಕಂಪನಿಗೆ? ನೀವು ಬಳಸೋ ಪೈ 4, ಪೈ 5ಕ್ಕೆ ಅಂತ ಗೂಗಲ್ ಆಂಡ್ರಾಯ್ಡ್ ಬಿಟ್ಟಿಲ್ಲ, ಬೋರ್ಡ್ ಮಾಡೋರೂ ಬಿಟ್ಟಿಲ್ಲ, ಅವ್ರು ಕೊಡೋದು ರಾಸ್ಪ್‌ಬೆರಿ ಪೈ ಓಎಸ್ ಅನ್ನೋ ಲಿನಕ್ಸ್. ನೀವೆಲ್ಲ ಹಾಕ್ಕೊಂಡಿರೋದು ಲಿನಿಯೇಜ್ ಓಎಸ್ ಅನ್ನೋ ಆಂಡ್ರಾಯ್ಡಿನ ಇನ್ನೊಂದು ರೂಪ, 2016ರ ಡಿಸೆಂಬರಿನಲ್ಲಿ ಸಯನೋಜೆನ್‌ಮಾಡ್ ಅನ್ನೋ ಇಂಥದ್ದೇ ಹಳೇ ಆಂಡ್ರಾಯ್ಡ್ ನಿಂತ ಮೇಲೆ ಅದ್ರ ಕೋಡಿಂದ್ಲೇ ಹುಟ್ಟಿದ್ದು, ಅದನ್ನ ಹವ್ಯಾಸಿಗಳು ಪೈಗೆ ಹೊಂದಿಸಿ ಕೊಟ್ಟ ಅನ್‌ಅಫಿಶಿಯಲ್ ಬಿಲ್ಡ್, ಅಂದ್ರೆ ತಯಾರಿ ಆವೃತ್ತಿ. ಪುಕ್ಸಟ್ಟೆ ಸಿಗ್ತದೆ, ವಾರಂಟಿ ಇಲ್ಲ. ಹಾಗಂತ ಕಳಪೆ ಅಲ್ಲ, ಚೆನ್ನಾಗೇ ಓಡ್ತದೆ. ನನಗೆ ಬಂದ ಪತ್ರಗಳನ್ನ ಓದಿದ್ರೆ ಆಂಡ್ರಾಯ್ಡಿನ ತಪ್ಪು ಇರೋದು ಕಮ್ಮಿ, ಚಾರ್ಜರು, ಕೇಬಲ್ಲು, ಮೆಮೊರಿ ಕಾರ್ಡು ಇವುಗಳದ್ದೇ ಜಾಸ್ತಿ.

ಪ್ರಶ್ನೆ: ನಮ್ಮದು ಶಿರಸಿ ಹತ್ರ ಹಳ್ಳಿ, ಅಡಿಕೆ ತೋಟ. ಅಪ್ಪಯ್ಯಂಗೆ ಯಕ್ಷಗಾನದ ವಿಡಿಯೋ ನೋಡ್ಲಿಕ್ಕೆ, ಚಾಲಿ ಅಡಿಕೆ ರೇಟು ನೋಡ್ಲಿಕ್ಕೆ ಅಂತ ಹಾಲ್‌ನಲ್ಲಿರೋ ಟಿವಿಗೆ ಪೈ 4, 4 ಜಿಬಿಯದು, ಲಿನಿಯೇಜ್ ಹಾಕಿ ಕೊಟ್ಟಿದ್ದೇನೆ. ಒಂದೊಂದು ದಿನ ಸರಿ ಬರ್ತದೆ, ಒಂದೊಂದು ದಿನ ಲೋಗೋ ಸುತ್ತುತ್ತಾನೇ ಇರ್ತದೆ, ಬಂದ್ರೂ ಹಾರ್ಡ್‌ಡಿಸ್ಕ್ ಚುಚ್ಚಿದ ಕೂಡ್ಲೆ ರೀಸ್ಟಾರ್ಟು. ಕಾರ್ಡು ಬದಲಾಯ್ಸಿ ನೋಡ್ದೆ, ಮೂರು ಥರದ ಬಿಲ್ಡ್ ಹಾಕಿ ನೋಡ್ದೆ, ಊಹ್ಞೂಂ. ಕರೆಂಟ್ ಸಾಲ್ದು ಅಂತ ಮಾತ್ರ ಹೇಳ್ಬೇಡಿ ಮಾರಾಯ್ರೆ, ನನ್ನ ಚಾರ್ಜರ್ 33 ವ್ಯಾಟಿನದು.

ಉತ್ತರ: ಕರೆಂಟ್ ಸಾಲ್ದು! ಬೇಜಾರ್ ಮಾಡ್ಕೋಬೇಡಿ, ನಿಮ್ಮ ಪತ್ರದಲ್ಲೇ ಸಾಕ್ಷಿ ಇದೆ, ಹಾರ್ಡ್‌ಡಿಸ್ಕ್ ಚುಚ್ಚಿದ ಕೂಡ್ಲೆ ರೀಸ್ಟಾರ್ಟ್ ಅಂದ್ರೆ ಬೇರೆ ಏನೂ ಹುಡ್ಕೋದೇ ಬೇಡ.

ಆ 33 ವ್ಯಾಟ್ ಅನ್ನೋದು ನಿಮ್ಮ ಫೋನಿಗೆ ಮಾತ್ರ ಸಿಗೋ ಲೆಕ್ಕ. ಫೋನು ಚಾರ್ಜರ್ ಜೊತೆ ಮಾತಾಡಿ 9 ವೋಲ್ಟ್ ಕೊಡು, 11 ವೋಲ್ಟ್ ಕೊಡು ಅಂತ ಕೇಳಿ ತಗೊಳ್ತದೆ. ಪೈ 4 ಹಾಗೆ ಏನೂ ಕೇಳೋದಿಲ್ಲ, ಅದಕ್ಕೆ ಬೇಕಾಗಿದ್ದು ಬರೀ 5 ವೋಲ್ಟು, ಆದ್ರೆ 3 ಆಂಪಿಯರ್ ತನಕ. ಚಾರ್ಜರನ್ನ ತಿರುಗಿಸಿ ಹಿಂದಿರೋ ಸಣ್ಣ ಅಕ್ಷರ ಓದಿ, ಔಟ್‌ಪುಟ್ ಅಂತ ಇರ್ತದಲ್ಲ, ಅಲ್ಲಿ 5 ವೋಲ್ಟಿನ ಮುಂದೆ ಎಷ್ಟು ಆಂಪಿಯರ್ ಅಂತ ಇದೆ? ಸುಮಾರು ಚಾರ್ಜರಲ್ಲಿ 2 ಅಂತ ಇರ್ತದೆ. ಅಂದ್ರೆ 10 ವ್ಯಾಟು, ಪೈಗೆ ಬೇಕಾಗಿದ್ದು 15 ವ್ಯಾಟು, ಅಷ್ಟೇ ಕಥೆ. ಇನ್ನು ಆ ಹಾರ್ಡ್‌ಡಿಸ್ಕು. ಪೈ 4ರ ನಾಲ್ಕೂ ಯುಎಸ್‌ಬಿ ಪೋರ್ಟಿಗೆ ಸೇರಿ ಸಿಗೋದೇ 1.2 ಆಂಪಿಯರ್, ತಿರುಗೋ ಡಿಸ್ಕು ಸ್ಟಾರ್ಟ್ ಆಗೋವಾಗ ಒಂದೇ ಸಲ ಜೋರಾಗಿ ಎಳೀತದೆ, ಬೋರ್ಡಿನ ವೋಲ್ಟೇಜ್ ಕುಸೀತದೆ.

ಕೇಬಲ್ಲೂ ನೋಡಿ. ಬಸ್‌ಸ್ಟ್ಯಾಂಡ್ ಹತ್ರ ಸಿಗೋ ತೆಳ್ಳಗಿನ ಉದ್ದ ಕೇಬಲ್ಲಲ್ಲಿ ಒಳಗಿನ ತಂತಿ ಕೂದ್ಲಿನಷ್ಟು ಇರ್ತದೆ, ಚಾರ್ಜರ್ ಹತ್ರ 5 ವೋಲ್ಟ್ ಇದ್ರೂ ಪೈ ಹತ್ರ ಬರೋ ಹೊತ್ತಿಗೆ 4.6, 4.5 ಆಗಿರ್ತದೆ. ಪೈ 4.63 ವೋಲ್ಟಿಗಿಂತ ಕೆಳಗೆ ಹೋದ್ರೆ "ವೋಲ್ಟೇಜ್ ಕಮ್ಮಿ" ಅಂತ ಗುರುತು ಹಾಕ್ಕೊಳ್ತದೆ. ಬೋರ್ಡಿನ ಜೊತೆ ಮಾರೋ ಅಸಲಿ ಅಡಾಪ್ಟರ್ ಮೇಲೆ 5.1 ವೋಲ್ಟ್ ಅಂತ ಬರ್ದಿರೋದು ಇದೇ ಕಾರಣಕ್ಕೆ, ದಾರಿಯಲ್ಲಿ ಹೋಗೋ ಪಾಲು ಮೊದ್ಲೇ ಸೇರಿಸಿ ಇಟ್ಟದ್ದು, ಅದ್ರ ಕೇಬಲ್ಲನ್ನ ಬಿಚ್ಲಿಕ್ಕೂ ಆಗೋದಿಲ್ಲ.

ಆಂಡ್ರಾಯ್ಡಿನ ಒಂದು ತೊಂದ್ರೆ ಏನಂದ್ರೆ ಇದನ್ನ ಅದು ನಿಮಗೆ ತೋರಿಸೋದಿಲ್ಲ. ರಾಸ್ಪ್‌ಬೆರಿ ಪೈ ಓಎಸ್ ಆದ್ರೆ ಮೂಲೆಯಲ್ಲಿ ಮಿಂಚಿನ ಗುರುತು ಬರ್ತದೆ, ಇಲ್ಲಿ ಸುಮ್ನೆ ಲೋಗೋ ಸುತ್ತುತ್ತದೆ, ನೀವು ಬಿಲ್ಡ್ ಸರಿ ಇಲ್ಲ ಅಂತ ಬಿಲ್ಡ್ ಮೇಲೆ ಬಿಲ್ಡ್ ಹಾಕ್ತಾ ಇರ್ತೀರಿ. ಹಂಗಾಗಿ ಒಂದು ಬೇರೆ ಕಾರ್ಡಿಗೆ ರಾಸ್ಪ್‌ಬೆರಿ ಪೈ ಓಎಸ್ ಬರ್ದು, ಅದೇ ಚಾರ್ಜರು, ಅದೇ ಕೇಬಲ್ಲು, ಅದೇ ಡಿಸ್ಕು ಚುಚ್ಚಿ, ಟರ್ಮಿನಲ್ ತೆಗೆದು ವಿಸಿಜೆನ್‌ಸಿಎಮ್‌ಡಿ ಅನ್ನೋ ಕಮಾಂಡಿಗೆ ಗೆಟ್ ಅಂಡರ್‌ಸ್ಕೋರ್ ಥ್ರಾಟಲ್ಡ್ ಅಂತ ಸೇರಿಸಿ ಕೊಡಿ (vcgencmd get_throttled). ಉತ್ತರದ ಕೊನೆಗೆ ಬರೀ ಸೊನ್ನೆ ಬಂದ್ರೆ ಕರೆಂಟ್ ಸರಿ ಇದೆ, ನಾನು ಸೋತೆ. 50000 ಬಂದ್ರೆ ಬೂಟ್ ಆದ ಮೇಲೆ ಯಾವಾಗ್ಲೋ ವೋಲ್ಟೇಜ್ ಬಿದ್ದು ಸ್ಪೀಡ್ ಇಳಿಸಿದೆ ಅಂತ ಅರ್ಥ, 50005 ಬಂದ್ರೆ ಈಗ್ಲೂ ಬಿದ್ದೇ ಇದೆ ಅಂತ.

ನಿಮ್ಮ ಪತ್ರದ ಕೊನೆಗೆ ಸಂಜೆ ವೋಲ್ಟೇಜ್ ಕಮ್ಮಿ, ಫ್ಯಾನ್ ನಿಧಾನ ತಿರುಗ್ತದೆ, ಅದ್ರಿಂದ ಇರ್ಬಹುದಾ ಅಂತಲೂ ಕೇಳಿದ್ದೀರಿ. ಅದ್ರಿಂದ ಅಲ್ಲ. ಚಾರ್ಜರ್ ಮೇಲೆ 100ರಿಂದ 240 ವೋಲ್ಟ್ ಅಂತ ಬರ್ದಿದ್ರೆ ಫ್ಯಾನ್ ತೆವಳ್ತಾ ಇದ್ರೂ ಅದು ತನ್ನ 5 ವೋಲ್ಟ್ ಕೊಡ್ತಾನೇ ಇರ್ತದೆ. ಮಳೆಗಾಲದಲ್ಲಿ ನಿಜವಾದ ಕಿರಿಕಿರಿ ಕರೆಂಟ್ ಹೋಗಿ ಇನ್ವರ್ಟರಿಗೆ ಬೀಳೋ ಆ ಒಂದು ಕ್ಷಣ, ಟ್ಯೂಬ್‌ಲೈಟ್ ಪಕ್ ಅಂತದಲ್ಲ, ಅಷ್ಟೇ ಸಾಕು ಪೈ ಸಾಯ್ಲಿಕ್ಕೆ. ಇನ್ವರ್ಟರ್ ಹಿಂದೆ ಯುಪಿಎಸ್ ಮೋಡ್ ಅಂತ ಸ್ವಿಚ್ ಇದ್ರೆ ಅದಕ್ಕೆ ಹಾಕಿ, ಗ್ಯಾಪ್ ಕಮ್ಮಿ ಆಗ್ತದೆ. ಆಂಡ್ರಾಯ್ಡು ಕಾರ್ಡಿಗೆ ಬರೀತಾ ಇರೋವಾಗ ಹೀಗೆ ಪದೇ ಪದೇ ಕರೆಂಟ್ ಹೋದ್ರೆ ಡೇಟಾ ಪಾರ್ಟಿಶನ್ ಕೆಡ್ತದೆ, ಆಮೇಲೆ ಲೋಗೋ ಸುತ್ತೋದು ಖಾಯಂ ಆಗ್ತದೆ, ಆವಾಗ ಎಷ್ಟು ಒಳ್ಳೆ ಚಾರ್ಜರ್ ತಂದ್ರೂ ಫಾರ್ಮ್ಯಾಟ್ ಮಾಡದೆ ಗತಿ ಇಲ್ಲ. ಅಪ್ಪಯ್ಯಂಗೆ ಹೇಳಿ, ಟಿವಿ ಜೊತೆಗೆ ಪೈ ಸ್ವಿಚ್ಚೂ ಆಫ್ ಮಾಡೋ ಅಭ್ಯಾಸ ಇದ್ರೆ ಬಿಡ್ಲಿಕ್ಕೆ, ಕೀಬೋರ್ಡಿನ ಎಫ್5 ಒತ್ತಿ ಹಿಡಿದ್ರೆ ಪವರ್ ಮೆನು ಬರ್ತದೆ, ಅಲ್ಲಿಂದ ಆಫ್ ಮಾಡ್ಬೇಕು.

ಹಾರ್ಡ್‌ಡಿಸ್ಕಿಗೆ ಮಾತ್ರ ತನ್ನದೇ ಅಡಾಪ್ಟರ್ ಇರೋ ಯುಎಸ್‌ಬಿ ಹಬ್ ತಗೊಳ್ಳಿ. ಲ್ಯಾಪ್‌ಟಾಪಿನ ದಪ್ಪ ಟೈಪ್-ಸಿ ಕೇಬಲ್ ಹಾಕಿ ನೋಡುವಾ ಅಂತ ಅನ್ನಿಸಿದ್ರೆ, ನಿಮ್ಮದು 2019ರಲ್ಲಿ ಬಂದ ಮೊದಲ ಸುತ್ತಿನ ಪೈ 4 ಆಗಿದ್ರೆ ಅದು ಕೆಲ್ಸ ಮಾಡೋದಿಲ್ಲ. ಆ ಬೋರ್ಡಲ್ಲಿ ಟೈಪ್-ಸಿ ಕಡೆ ಒಂದು ರೆಸಿಸ್ಟರ್ ಲೆಕ್ಕ ತಪ್ಪಿತ್ತು, ಒಳಗೆ ಚಿಪ್ ಇರೋ ಕೇಬಲ್ ಹಾಕಿದ್ರೆ ಚಾರ್ಜರು ಅದನ್ನ ಆಡಿಯೋ ಅಡಾಪ್ಟರ್ ಅಂತ ತಿಳ್ಕೊಂಡು ಕರೆಂಟೇ ಕೊಡ್ತಿರ್ಲಿಲ್ಲ. ಆಮೇಲಿನ ಬೋರ್ಡಲ್ಲಿ ಸರಿ ಮಾಡಿದ್ದಾರೆ.

ಪ್ರಶ್ನೆ: ಸರ್ ನಾನು ಅಂಕೋಲಾದಿಂದ, ಡಿಪ್ಲೊಮಾ ಓದ್ತಾ ಇದ್ದೇನೆ. ಪೈ 5ಗೆ ಆಂಡ್ರಾಯ್ಡ್ ಇಮೇಜ್ ಬರ್ದೆ, ಬರ್ದು ಮುಗಿದ ಕೂಡ್ಲೆ ವಿಂಡೋಸು ಡಿಸ್ಕ್ ಫಾರ್ಮ್ಯಾಟ್ ಮಾಡ್ಬೇಕು ಅಂತ ಕೇಳ್ತು, ಓಕೆ ಕೊಟ್ಟೆ, ಮತ್ತೆ ಕೇಳ್ತು, ಮತ್ತೆ ಓಕೆ ಕೊಟ್ಟೆ. ಈಗ ಟಿವಿಯಲ್ಲಿ ಏನೂ ಬರ್ತಿಲ್ಲ. ಬೋರ್ಡ್ ಹೋಯ್ತಾ ಸರ್? ಮನೇಲಿ ಬೈತಾರೆ.

ಉತ್ತರ: ಬೋರ್ಡ್ ಹೋಗ್ಲಿಲ್ಲ ತಮ್ಮಾ, ಮನೇಲಿ ಹೇಳ್ಲೇಬೇಡ. ನೀನು ಬರೆದ ಆಂಡ್ರಾಯ್ಡನ್ನ ನೀನೇ ಅಳಿಸಿ ಹಾಕಿದ್ದೀಯ, ಅಷ್ಟೇ ಆಗಿದ್ದು. ಇಮೇಜ್ ಬರ್ದಾಗ ಕಾರ್ಡಲ್ಲಿ ಒಂದಕ್ಕಿಂತ ಜಾಸ್ತಿ ಪಾರ್ಟಿಶನ್ ಆಗ್ತದೆ, ಮೊದಲನೇದು ಬೂಟ್, ಅದು ಫ್ಯಾಟ್ 32, ವಿಂಡೋಸಿಗೆ ಕಾಣ್ತದೆ. ಉಳಿದದ್ದು ಇಎಕ್ಸ್‌ಟಿ 4, ವಿಂಡೋಸಿಗೆ ಅದು ಓದ್ಲಿಕ್ಕೆ ಬರೋದಿಲ್ಲ, ಓದ್ಲಿಕ್ಕೆ ಬಾರದ್ದೆಲ್ಲ ಹಾಳಾಗಿದೆ ಅಂತ ತಿಳ್ಕೊಂಡು ಫಾರ್ಮ್ಯಾಟ್ ಮಾಡ್ಲಾ ಅಂತದೆ. ಎಷ್ಟು ಸಲ ಕೇಳಿದ್ರೂ ಕ್ಯಾನ್ಸಲ್ ಕೊಡ್ಬೇಕು. ಮತ್ತೆ ಬರಿ, ರಾಸ್ಪ್‌ಬೆರಿ ಪೈ ಇಮೇಜರಲ್ಲಿ ಯೂಸ್ ಕಸ್ಟಮ್ ಅಂತ ಇದೆ, ಅಲ್ಲಿ ಡೌನ್‌ಲೋಡ್ ಮಾಡಿದ ಫೈಲ್ ತೋರ್ಸು, ಬರ್ದಾದ ಮೇಲೆ ವೆರಿಫೈ ಮಾಡೋವಾಗ ಅವಸರಕ್ಕೆ ಸ್ಕಿಪ್ ಕೊಡ್ಬೇಡ.

ಇನ್ನೊಂದು, ಡೌನ್‌ಲೋಡ್ ಮಾಡಿದ ಫೈಲಿನ ಹೆಸ್ರಲ್ಲಿ 4 ಅಂತ ಇದೆಯಾ 5 ಅಂತ ಇದೆಯಾ ನೋಡು. ಪೈ 4ರ ಬಿಲ್ಡು ಪೈ 5ರಲ್ಲಿ ಏಳೋದಿಲ್ಲ, ಚಿಪ್ಪೇ ಬೇರೆ. ಅದೂ ಸರಿ ಇದ್ದು ಟಿವಿ ಕಪ್ಪಗೇ ಇದ್ರೆ ಎಚ್‌ಡಿಎಂಐ ಕೇಬಲ್ ಯಾವ ತೂತಿಗೆ ಹಾಕಿದ್ದೀಯ ಅಂತ ನೋಡು, ಸಣ್ಣ ಎಚ್‌ಡಿಎಂಐ ಎರಡು ಇರ್ತದೆ, ಪವರ್ ಪಿನ್ನಿಗೆ ಹತ್ರ ಇರೋದೇ ಮೊದಲನೇದು, ಅದಕ್ಕೇ ಹಾಕು. ಬಣ್ಣಬಣ್ಣದ ಚೌಕ ಬಂದು ಅಲ್ಲೇ ನಿಂತ್ರೆ ಅದು ಒಳ್ಳೆ ಸುದ್ದಿ, ಬೋರ್ಡನ್ನ ಎಬ್ಬಿಸೋ ಫರ್ಮ್‌ವೇರ್ ಎದ್ದಿದೆ, ಓಎಸ್ಸಿನ ತಿರುಳಾದ ಕರ್ನಲ್ ಸಿಕ್ಕಿಲ್ಲ ಅಥ್ವಾ ಓಡಿಲ್ಲ ಅಂತ. ನಿನ್ನ ಫ್ರೆಂಡ್ ಹತ್ರ ಪೈ 4 ಇದೆ ಅಂತ ಬರ್ದಿದ್ದೀಯಲ್ಲ, ಅವಂಗೆ ಹೇಳು, ಅದ್ರ ಹಸಿರು ಲೈಟು ಸುಮ್ನೆ ಮಿಣುಕೋದಿಲ್ಲ, ನಾಲ್ಕು ಸಲ ಮಿಣುಕಿ ನಿಂತು ಮತ್ತೆ ನಾಲ್ಕು ಸಲ ಮಿಣುಕಿದ್ರೆ ಸ್ಟಾರ್ಟ್ ಫೈಲ್ ಸಿಕ್ಕಿಲ್ಲ, ಏಳು ಸಲ ಆದ್ರೆ ಕರ್ನಲ್ ಫೈಲ್ ಸಿಕ್ಕಿಲ್ಲ. ಎರಡಕ್ಕೂ ಔಷಧಿ ಕಾರ್ಡ್ ಮತ್ತೆ ಬರೆಯೋದೇ.

ಹಳೇ ಟಿವಿ ಆಗಿದ್ದು "ನೋ ಸಿಗ್ನಲ್" ಬಂದ್ರೆ ಬೂಟ್ ಪಾರ್ಟಿಶನ್ನಲ್ಲಿ ಸಿಎಮ್‌ಡಿಲೈನ್ ಅನ್ನೋ ಟೆಕ್ಸ್ಟ್ ಫೈಲ್ ಇದೆ, ಈಗಿನ ಬಿಲ್ಡಲ್ಲಿ ರೆಸಲ್ಯೂಶನ್ ಅಲ್ಲೇ ಬರ್ದಿರ್ತದೆ, ಅದನ್ನ 1280 ಬೈ 720ಕ್ಕೆ ಇಳಿಸಿ ನೋಡ್ಬಹುದು. ಆ ಫೈಲು ಪೂರ್ತಿ ಒಂದೇ ಸಾಲು, ಮಧ್ಯದಲ್ಲಿ ಎಂಟರ್ ಹೊಡ್ದ್ರೆ ಮುಂದಿನದ್ದೆಲ್ಲ ಹೋಯ್ತು.

ಪ್ರಶ್ನೆ: 64 ಜಿಬಿ ಕಾರ್ಡ್ ಹಾಕಿದ್ದೇನೆ, ಸ್ಟೋರೇಜ್ ನಾಲ್ಕೇ ಆ್ಯಪಿಗೆ ಫುಲ್ ಅಂತದೆ. ಕಾರ್ಡ್ ಡೂಪ್ಲಿಕೇಟಾ? ಭಟ್ಕಳದಿಂದ.

ಉತ್ತರ: ಇರ್ಲಿಕ್ಕಿಲ್ಲ. ಇಮೇಜ್ ಸಣ್ಣ ಕಾರ್ಡಿಗೂ ಆಗ್ಲಿ ಅಂತ ಸಣ್ಣದಾಗೇ ಮಾಡಿರ್ತಾರೆ, ಉಳಿದ ಜಾಗ ಖಾಲಿ ಬಿದ್ದಿರ್ತದೆ, ತಾನಾಗೇ ಹಿಗ್ಗೋದಿಲ್ಲ. ಬಿಲ್ಡ್ ಸಿಕ್ಕಿದ ಕಡೆಯೇ ರೀಸೈಜ್ ಅಂತ ಒಂದು ಜಿಪ್ ಫೈಲ್ ಇರ್ತದೆ, ಅದನ್ನ ರಿಕವರಿ ಅನ್ನೋ ರಿಪೇರಿ ಮೆನುಗೆ ಹೋಗಿ ಫ್ಲ್ಯಾಶ್ ಮಾಡಿ, ಅಂದ್ರೆ ಅಲ್ಲಿಂದ ಹಾಕಿ. ರಿಕವರಿ ಸಿಗದಿದ್ರೆ ಸೆಟ್ಟಿಂಗ್ಸಲ್ಲಿ ಅಡ್ವಾನ್ಸ್ಡ್ ರೀಸ್ಟಾರ್ಟ್ ಆನ್ ಮಾಡಿ, ಆಮೇಲೆ ಪವರ್ ಮೆನುವಲ್ಲಿ ರಿಕವರಿ ಅಂತ ಆಯ್ಕೆ ಬರ್ತದೆ. ಲಿನಕ್ಸ್ ಕಂಪ್ಯೂಟರ್ ಇದ್ರೆ ಜಿಪಾರ್ಟೆಡ್‌ನಲ್ಲಿ ಕೊನೇ ಪಾರ್ಟಿಶನ್ ಎಳೆದು ಬಿಟ್ರೂ ಆಯ್ತು. ಡೂಪ್ಲಿಕೇಟ್ ಅನ್ನೋ ಸಂಶಯ ಹೋಗದಿದ್ರೆ ಎಚ್2ಟೆಸ್ಟ್‌ಡಬ್ಲ್ಯೂ ಅನ್ನೋ ಸಣ್ಣ ಪ್ರೋಗ್ರಾಮ್ ಇದೆ, ಕಾರ್ಡ್ ಪೂರ್ತಿ ತುಂಬಿ ಮತ್ತೆ ಓದಿ ನೋಡ್ತದೆ, ಸುಳ್ಳು ಜಿಬಿ ಇದ್ರೆ ಸಿಕ್ಕಿ ಬೀಳ್ತದೆ. ಅದನ್ನ ಆಂಡ್ರಾಯ್ಡ್ ಬರೆಯೋಕಿಂತ ಮೊದ್ಲೇ ಮಾಡ್ಬೇಕು.

ಪ್ರಶ್ನೆ: ಕಾರವಾರದಲ್ಲಿ ನಮ್ಮದು ಅಂಗಡಿ. ಕೌಂಟರ್ ಮೇಲೆ ದೊಡ್ಡ ಸ್ಕ್ರೀನ್ ಇಟ್ಟು ಪೈಯಲ್ಲಿ ಆಂಡ್ರಾಯ್ಡ್ ಹಾಕಿ ಯುಪಿಐ ದುಡ್ಡು ಬಂದದ್ದು ಗಿರಾಕಿಗೂ ಕಾಣೋ ಹಾಗೆ ಮಾಡುವಾ ಅಂತ ಇದ್ದೆ. ಪ್ಲೇ ಸ್ಟೋರೇ ಇಲ್ಲ ಅದ್ರಲ್ಲಿ. ಹ್ಯಾಗೋ ಹಾಕಿದ್ರೆ ಈ ಡಿವೈಸ್ ಸರ್ಟಿಫೈಡ್ ಅಲ್ಲ ಅಂತದೆ.

ಉತ್ತರ: ಪ್ಲೇ ಸ್ಟೋರ್ ಹಾಕೋದು ಹೇಳ್ತೇನೆ, ಯುಪಿಐ ಮಾತ್ರ ಮರ್ತು ಬಿಡಿ.

ಗೂಗಲ್ ಆ್ಯಪುಗಳು ಲಿನಿಯೇಜಿನ ಒಳಗೆ ಇರೋದಿಲ್ಲ, ಅದು ಗೂಗಲ್ಲಿನ ಸ್ವತ್ತು, ಬೇರೆ ಪ್ಯಾಕೇಜ್ ತಂದು ರಿಕವರಿಯಿಂದ ಹಾಕ್ಬೇಕು. ಆ ಪ್ಯಾಕೇಜು ನಿಮ್ಮ ಆಂಡ್ರಾಯ್ಡ್ ವರ್ಶನ್ನಿಗೇ ಸರಿ ಆಗ್ಬೇಕು, ಪ್ರೊಸೆಸರಿಗೂ ಸರಿ ಆಗ್ಬೇಕು, ಅಂದ್ರೆ ಎಆರ್‌ಎಮ್ 64. ಇಲ್ಲಿ ತಪ್ಪಿದವ್ರಿಗೇ ಲೋಗೋ ಮುಗಿಯದೆ ಸುತ್ತೋದು, ಮೇಲೆ ಶಿರಸಿಯವ್ರಿಗೆ ಹೇಳಿದ್ದು ಬಿಟ್ರೆ ಇದೇ ದೊಡ್ಡ ಕಾರಣ. ಮತ್ತೆ ಹೊಸದಾಗಿ ಬರೆದ ಕಾರ್ಡಿಗೇ ಹಾಕಿ, ಒಂದು ವಾರ ಬಳಸಿ ಆಮೇಲೆ ಹಾಕ್ಲಿಕ್ಕೆ ಹೋದ್ರೆ ಗೂಗಲ್ ಸರ್ವಿಸ್ ಪರ್ಮಿಶನ್ ಸಿಗದೆ ಸಾಯ್ತಾನೇ ಇರ್ತದೆ. ಹಾಕಿ ಆದ ಮೇಲೆ ಮೊದಲನೇ ಬೂಟ್ ತುಂಬಾ ಹೊತ್ತು ತಗೊಳ್ತದೆ, ಹೋಗಿ ಚಾ ಕುಡ್ಕೊಂಡು ಬನ್ನಿ, ವಯರ್ ಎಳೀಬೇಡಿ.

ಸರ್ಟಿಫೈಡ್ ಅಲ್ಲ ಅನ್ನೋದಕ್ಕೆ ಗೂಗಲ್ಲೇ ಒಂದು ದಾರಿ ಇಟ್ಟಿದೆ. ಡಿವೈಸಿಗೆ ಗೂಗಲ್ ಸರ್ವಿಸಸ್ ಫ್ರೇಮ್‌ವರ್ಕ್ ಐಡಿ ಅಂತ ಒಂದು ಉದ್ದ ನಂಬರ್ ಇರ್ತದೆ, ಅದನ್ನ ತೆಗೆದು ಗೂಗಲ್ಲಿನ ಅನ್‌ಸರ್ಟಿಫೈಡ್ ಡಿವೈಸ್ ನೋಂದಣಿ ಪುಟದಲ್ಲಿ ನಿಮ್ಮ ಅಕೌಂಟಿಂದ ಲಾಗಿನ್ ಆಗಿ ಸೇರಿಸ್ಬೇಕು. ಕೂಡ್ಲೆ ಆಗೋದಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಪ್ಲೇ ಸರ್ವಿಸಸ್ ಡೇಟಾ ಕ್ಲಿಯರ್ ಮಾಡಿ ರೀಸ್ಟಾರ್ಟ್ ಕೊಡಿ. ಕಾರ್ಡ್ ಮತ್ತೆ ಫಾರ್ಮ್ಯಾಟ್ ಮಾಡಿದ್ರೆ ನಂಬರ್ ಬದಲಾಗ್ತದೆ, ಮತ್ತೆ ಮೊದ್ಲಿಂದ.

ಇಷ್ಟೆಲ್ಲ ಮಾಡಿದ್ರೂ ಯುಪಿಐ ಯಾಕೆ ಆಗೋದಿಲ್ಲ ಅಂದ್ರೆ, ಯುಪಿಐ ಆ್ಯಪು ಮೊದಲು ಮಾಡೋ ಕೆಲ್ಸವೇ ನಿಮ್ಮ ಸಿಮ್ಮಿಂದ ಒಂದು ಎಸ್‌ಎಮ್‌ಎಸ್ ಕಳ್ಸಿ ಈ ನಂಬರು ಈ ಫೋನಲ್ಲೇ ಇದೆ ಅಂತ ಖಾತ್ರಿ ಮಾಡ್ಕೊಳ್ಳೋದು. ಪೈಯಲ್ಲಿ ಸಿಮ್ ಎಲ್ಲಿ? ಅದ್ರ ಮೇಲೆ ಬ್ಯಾಂಕಿನ ಆ್ಯಪು ಡಿವೈಸ್ ಅಸಲಿಯಾ ಅಂತ ಗೂಗಲ್ಲಿಗೆ ಕೇಳ್ತದೆ, ಅಲ್ಲಿಂದಲೂ ಇಲ್ಲ ಅಂತ ಬರ್ತದೆ. ಇದನ್ನ ಮರೆ ಮಾಚ್ಲಿಕ್ಕೆ ಉಪಾಯ ಹೇಳೋರು ಸಿಗ್ತಾರೆ, ಮಾಡ್ಬೇಡಿ, ನಿಮ್ಮ ಅಂಗಡಿಯ ದಿನದ ವ್ಯಾಪಾರ ಬಂದು ಬೀಳೋ ಅಕೌಂಟು ಅದು. ಕೌಂಟರಿಗೆ ಸೌಂಡ್‌ಬಾಕ್ಸೇ ಸರಿ. ಆ ದೊಡ್ಡ ಸ್ಕ್ರೀನಲ್ಲಿ ಇವತ್ತಿನ ರೇಟು ಹಾಕಿ, ಅದಕ್ಕೆ ಪೈ ಹೇಳಿ ಮಾಡಿಸಿದ ಹಾಗಿದೆ.

ಪ್ರಶ್ನೆ: ಗೋಕರ್ಣದಲ್ಲಿ ಹೋಮ್‌ಸ್ಟೇ ಇದೆ. ರೂಮುಗಳ ಟಿವಿಗೆ ಪೈ 5 ಹಾಕಿದ್ದೇವೆ. ಗೆಸ್ಟುಗಳು ಸಿನಿಮಾ ಮಸುಕು ಮಸುಕು ಅಂತಾರೆ, ಒಂದೆರಡು ಆ್ಯಪ್ ಇನ್‌ಸ್ಟಾಲೇ ಆಗೋದಿಲ್ಲ, ಯೂಟ್ಯೂಬ್ ಕೂಡ 4ಕೆ ಇಟ್ರೆ ತಡವರಿಸ್ತದೆ. ಇಷ್ಟು ಹೊಸ ಬೋರ್ಡು, 8 ಜಿಬಿ ರ‍್ಯಾಮು, ಯಾಕೆ ಹೀಗೆ?

ಉತ್ತರ: ರ‍್ಯಾಮಿಗೂ ಇದಕ್ಕೂ ಸಂಬಂಧ ಇಲ್ಲ. ದುಡ್ಡು ಕೊಟ್ಟು ನೋಡೋ ಆ್ಯಪುಗಳು ವೈಡ್‌ವೈನ್ ಅನ್ನೋ ಬೀಗ ಬಳಸ್ತವೆ. ಫೋನಲ್ಲಿ, ಟಿವಿ ಸ್ಟಿಕ್ಕಲ್ಲಿ ಆ ಬೀಗದ ಕೀ ಫ್ಯಾಕ್ಟರಿಯಲ್ಲೇ ಚಿಪ್ಪಿನೊಳಗೆ ಕೂತಿರ್ತದೆ, ಅದಕ್ಕೆ ಎಲ್1 ಅಂತಾರೆ. ಪೈಯಲ್ಲಿ ಸಿಕ್ಕಿದ್ರೂ ಎಲ್3 ಮಾತ್ರ, ಅಂದ್ರೆ ಬರೀ ಸಾಫ್ಟ್‌ವೇರಿನ ಬೀಗ, ಅದನ್ನ ನಂಬದ ಆ್ಯಪು ಎಚ್‌ಡಿ ಕೊಡೋದಿಲ್ಲ. ಇದಕ್ಕೆ ಸೆಟ್ಟಿಂಗ್ ಇಲ್ಲ, ರಿಪೇರಿ ಇಲ್ಲ.

ಯೂಟ್ಯೂಬಿನ ಕಥೆ ಬೇರೆ, ಮತ್ತೆ ನನಗೆ ಇದೇ ತಮಾಷೆ ಅನ್ಸೋದು. ಪೈ 4ರಲ್ಲಿ ಎಚ್264 ಅನ್ನೋ ಥರದಲ್ಲಿ ಒತ್ತಿಟ್ಟ ವಿಡಿಯೋ ಬಿಡಿಸ್ಲಿಕ್ಕೆ ಅಂತಲೇ ಒಂದು ಹಾರ್ಡ್‌ವೇರ್ ಇತ್ತು, 1080ಪಿ ತನಕ. ಪೈ 5ರಲ್ಲಿ ಅದನ್ನ ತೆಗೆದೇ ಹಾಕಿದ್ದಾರೆ, ಉಳಿದಿರೋದು ಎಚ್‌ಇವಿಸಿ ಅನ್ನೋ ಇನ್ನೊಂದು ಥರಕ್ಕೆ ಮಾತ್ರ. ಯೂಟ್ಯೂಬ್ ಕೊಡೋದು ಹೆಚ್ಚಾಗಿ ವಿಪಿ9, ಎವಿ1, ಇವೆರಡಕ್ಕೂ ಪೈಯಲ್ಲಿ ಹಾರ್ಡ್‌ವೇರ್ ಇಲ್ಲ. ಹಾಗಾಗಿ ಪ್ರೊಸೆಸರೇ ಕೂತು ಒಂದೊಂದು ಚಿತ್ರ ಬಿಡಿಸ್ಬೇಕು. ಪೈ 5ರದ್ದು 2.4 ಗಿಗಾಹರ್ಟ್ಸಿನ ಎ76, ನಾಲ್ಕು ಕೋರು, ಅದಕ್ಕೆ 1080ಪಿ ದಕ್ಕುತ್ತದೆ, 4ಕೆ ದಕ್ಕೋದಿಲ್ಲ. 1080ಕ್ಕೆ ಇಳಿಸಿ. ಅದಕ್ಕೂ ತಡವರಿಸಿದ್ರೆ ಬೋರ್ಡ್ ಬಿಸಿ ಆಗಿರ್ತದೆ. 80 ಡಿಗ್ರಿ ಹತ್ರ ಬಂದ್ರೆ ತಾನೇ ಸ್ಪೀಡ್ ಇಳಿಸ್ಕೊಳ್ತದೆ, ಮೇ ತಿಂಗಳ ಗೋಕರ್ಣದಲ್ಲಿ ಫ್ಯಾನ್ ಇಲ್ದೆ ಟಿವಿ ಹಿಂದೆ ಮುಚ್ಚಿದ ಡಬ್ಬಿಯಲ್ಲಿ ಇಟ್ರೆ ಅಲ್ಲಿಗೆ ಬರ್ಲಿಕ್ಕೆ ಏನೂ ಹೊತ್ತು ಬೇಡ. ಪೈ 5ಕ್ಕೆ ಫ್ಯಾನ್ ಜೋಡಿಸ್ಲಿಕ್ಕೆ ಅಂತಲೇ ಪಿನ್ ಕೊಟ್ಟಿದ್ದಾರೆ.

ನನ್ನನ್ನ ಕೇಳಿದ್ರೆ, ಗೆಸ್ಟ್ ರೂಮಿಗೆ ಪೈ ಬೇಡ. ಒಂದು ಒಳ್ಳೆ ಟಿವಿ ಸ್ಟಿಕ್ಕು ಪೈಗಿಂತ ಸಸ್ತಾ ಬರ್ತದೆ, ಎಲ್1 ಇರ್ತದೆ, ರಿಮೋಟ್ ಇರ್ತದೆ, ರಾತ್ರಿ ಹನ್ನೊಂದಕ್ಕೆ ಗೆಸ್ಟ್ ಬಂದು ಬಾಗಿಲು ಬಡಿಯೋದಿಲ್ಲ. ಮತ್ತೆ ಬಿಲ್ಡ್ ಮಾಡಿದವ್ರು ಕಮರ್ಷಿಯಲ್ ಬಳಕೆಗೆ ಏನು ಷರತ್ತು ಹಾಕಿದ್ದಾರೆ ಅಂತಲೂ ಓದಿ, ನಿಮ್ಮದು ವ್ಯಾಪಾರ.

ಪ್ರಶ್ನೆ: ಕುಮಟಾದಿಂದ. ರಾತ್ರಿ ಕರೆಂಟ್ ಹೋಗಿ ಬೆಳಿಗ್ಗೆ ಬಂದ್ರೆ ವೈಫೈ ಕನೆಕ್ಟೆಡ್ ಅಂತದೆ, ಇಂಟರ್‌ನೆಟ್ ಇಲ್ಲ ಅಂತದೆ, ಬ್ರೌಸರ್ ತೆಗೆದ್ರೆ ಈ ಸೈಟ್ ಸುರಕ್ಷಿತ ಅಲ್ಲ ಅಂತದೆ. ಫೋನಲ್ಲಿ ಅದೇ ವೈಫೈ ಸರಿ ಇರ್ತದೆ.

ಉತ್ತರ: ಪೈಯಲ್ಲಿ ಗಂಟೆ ಎಷ್ಟಾಗಿದೆ ನೋಡಿದ್ರಾ? ತಾರೀಕು ನೋಡಿ, ಹಳೇದೇನೋ ಇರ್ತದೆ. ಪೈ 4ರಲ್ಲಿ ಬ್ಯಾಟರಿ ಇರೋ ಗಡಿಯಾರ ಇಲ್ಲ, ಕರೆಂಟ್ ಹೋದ್ರೆ ಟೈಮೂ ಹೋಯ್ತು. ಮತ್ತೆ ನೆಟ್ಟಿಂದ ಟೈಮ್ ಕೇಳಿ ತಗೋಬೇಕು. ಆದ್ರೆ ಟೈಮ್ ತಪ್ಪಿದ್ದಾಗ ಸೈಟಿನ ಸರ್ಟಿಫಿಕೇಟಿನ ತಾರೀಕು ಹೊಂದೋದಿಲ್ಲ, ಇನ್ನೂ ಚಾಲೂ ಆಗದ ಸರ್ಟಿಫಿಕೇಟು ಅಂತ ತಿಳ್ಕೊಂಡು ಬ್ರೌಸರ್ ಬಾಗ್ಲು ಹಾಕ್ತದೆ. ಕೈಯಲ್ಲೇ ತಾರೀಕು ಸರಿ ಮಾಡಿ ನೋಡಿ, ಅಲ್ಲಿಗೇ ಬಗೆಹರೀಬೇಕು. ಪದೇ ಪದೇ ಆದ್ರೆ ರೂಟರನ್ನೂ ಪೈಯನ್ನೂ ಒಂದೇ ಇನ್ವರ್ಟರ್ ಲೈನಿಗೆ ಹಾಕಿ, ಪೈ ಮೊದಲೆದ್ದು ರೂಟರ್ ಆಮೇಲೆ ಏಳೋದ್ರಿಂದ್ಲೂ ಹೀಗಾಗ್ತದೆ. ಪೈ 5ರಲ್ಲಿ ಗಡಿಯಾರ ಇದೆ, ಅದಕ್ಕೆ ಸಣ್ಣ ಬ್ಯಾಟರಿ ಮಾತ್ರ ನಾವೇ ತಂದು ಜೋಡಿಸ್ಬೇಕು.

ಟೈಮ್ ಸರಿ ಇದ್ದೂ ವೈಫೈ ಕಡೀತಾ ಇದ್ರೆ ನೀಲಿ ಬಣ್ಣದ ಯುಎಸ್‌ಬಿ ಪೋರ್ಟಿಗೆ ಏನು ಹಾಕಿದ್ದೀರಿ ನೋಡಿ. ಯುಎಸ್‌ಬಿ 3 ಡಿಸ್ಕು ಮತ್ತು ಅದ್ರ ಕಳಪೆ ಕೇಬಲ್ಲು 2.4 ಗಿಗಾಹರ್ಟ್ಸಿನ ಸುತ್ತ ಗದ್ದಲ ಎಬ್ಬಿಸ್ತದೆ, ವೈಫೈಯೂ ಅಲ್ಲೇ ಮಾತಾಡೋದು. 5 ಗಿಗಾಹರ್ಟ್ಸಿಗೆ ಹೋಗಿ, ಇಲ್ಲಾಂದ್ರೆ ಲ್ಯಾನ್ ಕೇಬಲ್ ಹಾಕಿ ಬಿಡಿ.

ಪ್ರಶ್ನೆ: ಕಾರವಾರದ ಬೈತ್‌ಕೋಲಲ್ಲಿ ನಮ್ಮ ಬೋಟ್ ಇದೆ. ಈಗ ಮೀನುಗಾರಿಕೆ ಬಂದ್ ಟೈಮು, ಬೋಟ್ ಮೇಲೆ ಎಳ್ದಿದ್ದೇವೆ, ಕೆಲ್ಸ ಇಲ್ಲ. ಕ್ಯಾಬಿನಲ್ಲಿ ಪೈ ಇಟ್ಟು ಆಂಡ್ರಾಯ್ಡಲ್ಲಿ ಮ್ಯಾಪ್ ನೋಡೋ ಹಾಗೆ ಮಾಡಿದ್ದೇನೆ, 12 ವೋಲ್ಟ್ ಬ್ಯಾಟರಿಯಿಂದ ಕಾರಿನ ಚಾರ್ಜರ್ ಹಾಕಿ. ಇಂಜಿನ್ ಸ್ಟಾರ್ಟ್ ಮಾಡಿದ ಕೂಡ್ಲೆ ಪೈ ಆಫ್. ಮತ್ತೆ ಹೋದ ಸೀಸನ್ನಲ್ಲಿ ಹಾಕಿದ ಇನ್ನೊಂದು ಬೋರ್ಡಿನ ಪಿನ್ನೆಲ್ಲ ಹಸಿರಾಗಿದೆ, ಕಾರ್ಡ್ ಓದೋದೇ ಇಲ್ಲ.

ಉತ್ತರ: ಈ ಸಲದ ಪತ್ರಗಳಲ್ಲಿ ನನಗೆ ಖುಷಿ ಕೊಟ್ಟ ಪ್ರಶ್ನೆ ಇದು. ಜೂನ್ 1ರಿಂದ ಜುಲೈ 31ರ ತನಕ ಬೋಟ್ ದಡದಲ್ಲೇ ಇರ್ತದಲ್ಲ, ಸರಿ ಮಾಡ್ಲಿಕ್ಕೆ ಬೇಕಾದಷ್ಟು ಟೈಮ್ ಇದೆ.

ಸ್ಟಾರ್ಟರ್ ಮೋಟರ್ ತಿರುಗೋವಾಗ ಬ್ಯಾಟರಿಯ 12 ವೋಲ್ಟು ಒಂದೇ ಏಟಿಗೆ ಕೆಳಗೆ ಬೀಳ್ತದೆ, ಸಸ್ತಾ ಕಾರ್ ಚಾರ್ಜರಿಗೆ ಅದನ್ನ ತಡ್ಕೊಳ್ಳೋ ಶಕ್ತಿ ಇಲ್ಲ. ಎರಡು ದಾರಿ. ಇಂಜಿನ್ ಬ್ಯಾಟರಿ ಬಿಟ್ಟು ಲೈಟಿಗೆ ಬೇರೆ ಬ್ಯಾಟರಿ ಇದ್ರೆ ಪೈಯನ್ನ ಅದಕ್ಕೆ ಹಾಕಿ. ಇಲ್ಲಾಂದ್ರೆ 5 ವೋಲ್ಟ್ 5 ಆಂಪಿಯರ್ ಕೊಡೋ, ಇನ್‌ಪುಟ್ 8 ವೋಲ್ಟಿಗೆ ಇಳಿದ್ರೂ ಓಡೋ ಡಿಸಿ ಕನ್ವರ್ಟರ್ ತಗೊಳ್ಳಿ, ಅದನ್ನ ಪೈ ಹತ್ರವೇ ಇಟ್ಟು 5 ವೋಲ್ಟಿನ ವಯರ್ ಗೇಣುದ್ದಕ್ಕಿಂತ ಜಾಸ್ತಿ ಬಿಡ್ಬೇಡಿ, ಉದ್ದ ಬೇಕಾದ್ರೆ 12 ವೋಲ್ಟಿನ ಕಡೆ ಇರ್ಲಿ. ಪ್ಲಸ್ಸಿಗೆ ಫ್ಯೂಸ್ ಮರೀಬೇಡಿ.

ಹಸಿರಾಗಿದ್ದು ಕಿಲುಬು, ಉಪ್ಪಿನ ಗಾಳಿಗೆ ತಾಮ್ರ ಹಿಡಿಯೋದು. ಪವರ್ ತೆಗೆದು, ಕಾರ್ಡ್ ತೆಗೆದು, 99 ಪರ್ಸೆಂಟಿನ ಐಸೊಪ್ರೊಪೈಲ್ ಆಲ್ಕೋಹಾಲ್ ತಗೊಂಡು ಹಳೇ ಹಲ್ಲುಜ್ಜೋ ಬ್ರಶ್ಶಿಂದ ಮೆಲ್ಲಗೆ ತಿಕ್ಕಿ. ಹೊರಗಿನ ಸರ್ಕೀಟ್ ಜೋಡಿಸೋ ಜಿಪಿಐಒ ಪಿನ್ ಹಸಿರಾದ್ರೆ ನಿಮಗೆ ಅಷ್ಟೇನೂ ತೊಂದ್ರೆ ಇಲ್ಲ, ಆಂಡ್ರಾಯ್ಡಿಗೆ ಅದು ಬೇಕಾಗೋದು ಕಮ್ಮಿ, ನೋಡ್ಬೇಕಾದ್ದು ಬೋರ್ಡನ್ನ ಮಗುಚಿ ಹಾಕಿದ್ರೆ ಅಡಿಯಲ್ಲಿ ಕಾಣೋ ಕಾರ್ಡ್ ಸ್ಲಾಟು. ಒಳಗೆ ಸಾಲಾಗಿ ಎಂಟು ಸಣ್ಣ ಸ್ಪ್ರಿಂಗ್ ಪಟ್ಟಿ ಇರ್ತದೆ, ಟಾರ್ಚ್ ಹಾಕಿ ನೋಡಿ, ಯಾವ್ದಾದ್ರೂ ಕಪ್ಪಾಗಿದ್ರೆ ಅಥ್ವಾ ಮಂಡಿ ಊರಿದ್ರೆ ಕಾರ್ಡ್ ಓದೋದಿಲ್ಲ. ಪಟ್ಟಿ ಒಳಗೆ ಬ್ರಶ್ ಹಾಕ್ಬೇಡಿ, ಮುರೀತದೆ. ಕಾರ್ಡಿಗೇ ಆಲ್ಕೋಹಾಲ್ ಹಚ್ಚಿ ನಾಲ್ಕೈದು ಸಲ ಒಳಗೆ ಹೊರಗೆ ಮಾಡಿ, ಪೂರ್ತಿ ಒಣಗಿದ ಮೇಲೆ ಪವರ್ ಕೊಡಿ. ಅಷ್ಟಕ್ಕೂ ಓದದಿದ್ರೆ ಪೈ 4ನ್ನ ಯುಎಸ್‌ಬಿಯಿಂದ್ಲೂ ಬೂಟ್ ಮಾಡ್ಬಹುದು, ಬಿಲ್ಡ್ ಅದಕ್ಕೆ ಸಪೋರ್ಟ್ ಮಾಡ್ತದಾ ಅಂತ ನೋಡ್ಕೊಳ್ಳಿ, ಬೋರ್ಡ್ ಬಿಸಾಡ್ಬೇಡಿ.

ಮತ್ತೆ ಹೀಗಾಗದ ಹಾಗೆ ಬೋರ್ಡಿಗೆ ತೇವ ತಡೆಯೋ ಕನ್‌ಫಾರ್ಮಲ್ ಕೋಟಿಂಗ್ ಸ್ಪ್ರೇ ಹೊಡೀಬಹುದು, ಸ್ಪ್ರೇ ಮಾಡೋ ಮೊದ್ಲು ಎಲ್ಲಾ ಪೋರ್ಟಿಗೆ, ಕಾರ್ಡ್ ಸ್ಲಾಟಿಗೆ ಟೇಪ್ ಹಚ್ಚಿ ಮುಚ್ಚಿ. ಡಬ್ಬಿ ರಬ್ಬರ್ ಸೀಲ್ ಇರೋದೇ ಇರ್ಲಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಆಗಾಗ ಬದಲಾಯ್ಸಿ. ಸೀಲ್ ಮಾಡಿದ್ರೆ ಬಿಸಿ ಹೊರಗೆ ಹೋಗೋದಿಲ್ಲ ಅಂತ ಕೇಳ್ತೀರಿ, ಹೌದು, ಅದಕ್ಕೆ ಬೋರ್ಡೇ ತಾಗಿ ಕೂರೋ ಅಲ್ಯೂಮಿನಿಯಂ ಡಬ್ಬಿ ಸಿಗ್ತದೆ, ಡಬ್ಬಿಯ ಮೈಯೇ ಬಿಸಿ ಬಿಡ್ತದೆ, ಫ್ಯಾನ್ ಬೇಡ. ಫ್ಯಾನ್ ಹಾಕಿದ್ರೆ ಅದು ಉಪ್ಪಿನ ಗಾಳಿಯನ್ನೇ ಒಳಗೆ ಊದ್ತದೆ.

ಜಿಪಿಎಸ್ ಬಗ್ಗೆ ನೀವು ಕೇಳ್ಲಿಲ್ಲ, ಆದ್ರೂ ಹೇಳ್ತೇನೆ. ಪೈಯಲ್ಲಿ ಜಿಪಿಎಸ್ ಇಲ್ಲ. ವೈಫೈ ನೋಡಿ ಲೊಕೇಶನ್ ಅಂದಾಜು ಮಾಡೋದು ಬಂದರಲ್ಲಿ ನಡೀತದೆ, ದಡ ಬಿಟ್ರೆ ಇಲ್ಲ. ಯುಎಸ್‌ಬಿ ಜಿಪಿಎಸ್ಸಿಗೆ ಕೆಲವು ಬಿಲ್ಡಲ್ಲಿ ಸಪೋರ್ಟ್ ಇದೆ, ಹಾಕಿ, ಮ್ಯಾಪನ್ನ ಆಫ್‌ಲೈನ್ ಇಳಿಸ್ಕೊಳ್ಳಿ. ಆದ್ರೆ ಬೋಟಲ್ಲಿ ಈಗಿರೋ ಮೀನುಗಾರಿಕೆಯ ಜಿಪಿಎಸ್ ಸೆಟ್ ಮಾತ್ರ ಕೀಳ್ಬೇಡಿ. ಪೈ ಲೋಗೋದಲ್ಲಿ ಸುತ್ತುತ್ತಾ ಕೂತ್ರೆ ದಾರಿ ತೋರ್ಸೋದು ಅದೇ.

ಪ್ರಶ್ನೆ: ಕೀಬೋರ್ಡಲ್ಲಿ ಬ್ಯಾಕ್ ಬಟನ್ ಯಾವುದು? ಮತ್ತೆ ಕನ್ನಡ ಟೈಪ್ ಆಗ್ತದಾ? ಸಿದ್ದಾಪುರ.

ಉತ್ತರ: ಎಫ್1 ಹೋಮ್, ಎಫ್2 ಬ್ಯಾಕ್, ಎಫ್3 ತೆರೆದಿಟ್ಟ ಆ್ಯಪುಗಳು, ಎಫ್11, ಎಫ್12 ವಾಲ್ಯೂಮ್. ಕನ್ನಡ ಆಗ್ತದೆ, ಸೆಟ್ಟಿಂಗ್ಸಲ್ಲಿ ಭಾಷೆಗೆ ಕನ್ನಡ ಸೇರ್ಸಿ, ಸ್ಕ್ರೀನ್ ಮೇಲಿನ ಕೀಬೋರ್ಡಲ್ಲಿ ಬರ್ತದೆ.

ಪ್ರಶ್ನೆ: ನನ್ನ ಹತ್ರ ಪೈ 3 ಬಿ ಪ್ಲಸ್ ಇದೆ, 1 ಜಿಬಿ ರ‍್ಯಾಮು. ಲೇಟೆಸ್ಟ್ ಆಂಡ್ರಾಯ್ಡ್ ಹಾಕ್ಬಹುದಾ? ಹೊನ್ನಾವರ.

ಉತ್ತರ: ಹಾಕ್ಬೇಡಿ. 2018ರ ಬೋರ್ಡು ಅದು, ಆಂಡ್ರಾಯ್ಡ್ ಎದ್ದು ಕೂತ್ಕೊಳ್ಳೋಕೇ ಆ 1 ಜಿಬಿ ಹೋಗ್ತದೆ, ಬ್ರೌಸರ್ ತೆಗೆದ್ರೆ ಹಿಂದಿನ ಆ್ಯಪ್ ಸಾಯ್ತದೆ. ಅದಕ್ಕೆ ರಾಸ್ಪ್‌ಬೆರಿ ಪೈ ಓಎಸ್ಸಿನ ಲೈಟ್ ಆವೃತ್ತಿ ಹಾಕಿ, ಮನೆ ಪೂರ್ತಿಗೆ ಜಾಹೀರಾತು ತಡೆಯೋ ಪೈ-ಹೋಲ್ ಓಡ್ಸಿ. ಅದಕ್ಕೆ ಟಿವಿಯೂ ಬೇಡ.